ನಿಯರ್ ಡಾರ್ಕ್: ಸೋತ ಮೇಲೂ ಸಾಯದ ಸಿನಿಮಾ

ಖರ್ಚು ಸುಮಾರು 50 ಲಕ್ಷ ಡಾಲರ್. ಅಮೆರಿಕದ ಥಿಯೇಟರುಗಳಲ್ಲಿ ಆದ ಒಟ್ಟು ಗಳಿಕೆ ಸುಮಾರು 34 ಲಕ್ಷ ಡಾಲರ್. ಅದರಲ್ಲಿ ಥಿಯೇಟರಿನವರ ಪಾಲು ಕಳೆದರೆ ಹಂಚಿಕೆದಾರರ ಕೈಗೆ ಬಂದದ್ದು ಇನ್ನೂ ಕಡಿಮೆ. ನಮ್ಮ ಗಾಂಧಿನಗರದ ಭಾಷೆಯಲ್ಲಿ ಹೇಳುವುದಾದರೆ ತೋಪೆದ್ದು ಹೋದ ಚಿತ್ರ. ಬಿಡುಗಡೆಯಾದ ದಿನ 1987ರ ಅಕ್ಟೋಬರ್ 2. ಗಾಂಧಿ ಜಯಂತಿಯ ದಿನ ರಕ್ತ ಕುಡಿಯುವವರ ಸಿನಿಮಾ! ಪಾಪ, ಅಮೆರಿಕದವರಿಗೆ ಅದೆಲ್ಲ ಎಲ್ಲಿ ಗೊತ್ತಿರಬೇಕು ಬಿಡಿ :)

ಚಿತ್ರದ ಹೆಸರು 'ನಿಯರ್ ಡಾರ್ಕ್'. ನಿರ್ದೇಶಕಿ ಕ್ಯಾಥರಿನ್ ಬಿಗೆಲೋ. ನಾನು ಇದನ್ನು ಈವರೆಗೆ ಮೂರು ಸಲ ನೋಡಿದ್ದೇನೆ. ಮೊದಲ ಸಲ ಕೊನೆಯ ಹದಿನೈದು ನಿಮಿಷ ನೋಡಿ ಸಿಟ್ಟು ಬಂದಿತ್ತು. ಎರಡನೇ ಸಲ ಆ ಸಿಟ್ಟು ಕಡಿಮೆಯಾಯಿತು. ಮೂರನೇ ಸಲ ನೋಡಿದಾಗ ಬೇರೆಯೇ ಒಂದು ಕಾರಣಕ್ಕೆ ಬೇಜಾರಾಯಿತು. ಅದು ಏನು ಅಂತ ಹೇಳಬೇಕಾದರೆ ಈ ಚಿತ್ರದ ಚರಿತ್ರೆಯನ್ನೇ ಹೇಳಬೇಕು. ಹಾಗಾಗಿ ಈ ಬರಹ. ಕಥೆಯನ್ನು ಕೊನೆಯವರೆಗೂ ಹೇಳಿಬಿಡುತ್ತೇನೆ, ಸಸ್ಪೆನ್ಸ್ ಬೇಕು ಅನ್ನುವವರು ಚಿತ್ರ ನೋಡಿಕೊಂಡು ಬಂದು ಓದಿ.

ಕೌಬಾಯ್ ಚಿತ್ರ ಮಾಡಲು ಹೊರಟವರು

ಬಿಗೆಲೋ ಹುಟ್ಟಿದ್ದು 1951ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಮೊದಲು ಕಲಿತದ್ದು ಚಿತ್ರಕಲೆ. ಸ್ಯಾನ್ ಫ್ರಾನ್ಸಿಸ್ಕೋದ ಕಲಾಶಾಲೆ, ಆಮೇಲೆ ನ್ಯೂಯಾರ್ಕ್, ಅಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಿನಿಮಾ ಓದು. ಆಕೆಯ ಮೊದಲ ಕಥಾಚಿತ್ರ 'ದಿ ಲವ್‌ಲೆಸ್' 1980ರ ದಶಕದ ಆರಂಭದಲ್ಲಿ ಬಂತು. ಬೈಕ್ ಓಡಿಸುವ ಪುಂಡರ ಕಥೆ, ವಿಲೆಮ್ ಡಫೋ ನಾಯಕ. ಆದರೆ ಅದಕ್ಕೆ ಇಬ್ಬರು ನಿರ್ದೇಶಕರು, ಬಿಗೆಲೋ ಜೊತೆ ಮಾಂಟಿ ಮಾಂಟ್ಗೊಮರಿ ಕೂಡ ಇದ್ದರು. ಒಬ್ಬಳೇ ನಿಂತು ನಿರ್ದೇಶಿಸಿದ ಮೊದಲ ಚಿತ್ರ ಅಂದರೆ 'ನಿಯರ್ ಡಾರ್ಕ್'.

ಆಕೆಯ ಜೊತೆ ಚಿತ್ರಕಥೆ ಬರೆದವರು ಎರಿಕ್ ರೆಡ್. 1986ರಲ್ಲಿ ಬಂದ 'ದಿ ಹಿಚರ್' ಚಿತ್ರವನ್ನು ಬರೆದವರೂ ಇವರೇ. ನಿರ್ಜನ ಹೆದ್ದಾರಿಯಲ್ಲಿ ಲಿಫ್ಟ್ ಕೊಟ್ಟ ಹುಡುಗನ ಬೆನ್ನು ಬೀಳುವ ಕೊಲೆಗಾರನ ಕಥೆ ಅದು. ನಿರ್ಜನ ರಸ್ತೆ, ಯಾರೂ ಇಲ್ಲದ ಊರು, ಅಪರಿಚಿತರ ಗಾಡಿ... ಇವೆಲ್ಲ 'ನಿಯರ್ ಡಾರ್ಕ್'ಗೂ ಬಂದಿವೆ.

ಇಬ್ಬರಿಗೂ ಮಾಡಬೇಕು ಅಂತ ಇದ್ದದ್ದು ವೆಸ್ಟರ್ನ್, ಅಂದರೆ ಕೌಬಾಯ್ ಚಿತ್ರ. ಆದರೆ ಆ ಕಾಲಕ್ಕೆ ವೆಸ್ಟರ್ನ್ ಅಂದರೆ ದುಡ್ಡು ಹಾಕುವವರು ಮುಖ ತಿರುಗಿಸುತ್ತಿದ್ದರು. 1980ರಲ್ಲಿ ಬಂದ 'ಹೆವೆನ್ಸ್ ಗೇಟ್' ಅನ್ನುವ ವೆಸ್ಟರ್ನ್ ನಾಲ್ಕು ಕೋಟಿ ಡಾಲರಿಗೂ ಹೆಚ್ಚು ನುಂಗಿ ನೆಲಕಚ್ಚಿತ್ತು. ಅದನ್ನು ಮಾಡಿದ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆಯೇ ಮರುವರ್ಷ ಕೈ ಬದಲಾಯಿಸಿತು. ಆ ನೆನಪು ಹಾಲಿವುಡ್ಡಿನಲ್ಲಿ ಇನ್ನೂ ಹಸಿಯಾಗಿತ್ತು. ಭಯಾನಕ ಚಿತ್ರಗಳ ಕತೆ ಬೇರೆ. ಕಡಿಮೆ ದುಡ್ಡಿನಲ್ಲಿ ಆಗುತ್ತವೆ, ದೊಡ್ಡ ನಟರು ಬೇಕಿಲ್ಲ, ಥಿಯೇಟರಿನಲ್ಲಿ ಓಡದಿದ್ದರೂ ವಿಡಿಯೋ ಕ್ಯಾಸೆಟ್ಟಿನಲ್ಲಿ ಒಂದಿಷ್ಟು ದುಡ್ಡು ವಾಪಸ್ ಬರುತ್ತದೆ. ಹಾಗಾಗಿ ಇವರು ಒಂದು ಉಪಾಯ ಮಾಡಿದರು. ವೆಸ್ಟರ್ನ್ ಚಿತ್ರವನ್ನೇ ಬರೆದು ಅದರ ಡಕಾಯಿತರ ಗುಂಪನ್ನು ರಕ್ತ ಕುಡಿಯುವವರ ಗುಂಪು ಮಾಡಿಬಿಟ್ಟರು!

ಕುದುರೆಗಳ ಬದಲು ಕದ್ದ ವ್ಯಾನುಗಳು ಬಂದವು. ಸಲೂನಿನ ಬದಲು ಹೆದ್ದಾರಿ ಬದಿಯ ಬಾರ್. ಕೊನೆಯ ಕಾಳಗಕ್ಕೆ ನಾಯಕ ಮಾತ್ರ ನಿಜವಾಗಿಯೂ ಕುದುರೆ ಹತ್ತಿಯೇ ಬರುತ್ತಾನೆ. ಆಸೆ ಹೋಗಿರಲಿಲ್ಲ ನೋಡಿ.

ಕಥೆ

ಅಮೆರಿಕದ ನಡುನಾಡಿನ ಒಂದು ಸಣ್ಣ ಊರು. ಕೇಲಬ್ ಅನ್ನುವ ರೈತರ ಮನೆಯ ಹುಡುಗ ಒಂದು ರಾತ್ರಿ ಮೇ ಅನ್ನುವ ಹುಡುಗಿಯನ್ನು ನೋಡುತ್ತಾನೆ. ಕೈಯಲ್ಲಿ ಐಸ್‌ಕ್ರೀಂ ಹಿಡಿದು ನಿಂತಿರುತ್ತಾಳೆ. ತನ್ನ ಗಾಡಿಯಲ್ಲಿ ಸುತ್ತಾಡಿಸುತ್ತಾನೆ. ಅವಳು ಅವನಿಗೆ ರಾತ್ರಿಯ ಸದ್ದು ಕೇಳು ಅನ್ನುತ್ತಾಳೆ, ನಕ್ಷತ್ರ ತೋರಿಸುತ್ತಾಳೆ, ಆ ನಕ್ಷತ್ರದಿಂದ ಈಗ ಹೊರಟ ಬೆಳಕು ಇಲ್ಲಿಗೆ ಬಂದು ಮುಟ್ಟುವಾಗಲೂ ತಾನು ಇರುತ್ತೇನೆ ಅನ್ನುತ್ತಾಳೆ. ಹುಡುಗನಿಗೆ ಏನೂ ಅರ್ಥ ಆಗುವುದಿಲ್ಲ. ಬೆಳಗಾಗುವ ಹೊತ್ತಿಗೆ ಅವಳಿಗೆ ಗಾಬರಿ. ಇವನು ಮುತ್ತು ಕೇಳುತ್ತಾನೆ, ಅವಳು ಕುತ್ತಿಗೆ ಕಚ್ಚಿ ಓಡಿಹೋಗುತ್ತಾಳೆ.

ಗಾಡಿ ಸ್ಟಾರ್ಟ್ ಆಗುವುದಿಲ್ಲ. ಕೇಲಬ್ ಹೊಲದ ಮಧ್ಯೆ ಮನೆಯ ಕಡೆ ನಡೆಯುತ್ತಾನೆ. ಸೂರ್ಯ ಹುಟ್ಟುತ್ತಾನೆ. ಹುಡುಗನ ಮೈಯಿಂದ ಹೊಗೆ ಏಳುತ್ತದೆ. ಮನೆ ಕಣ್ಣಿಗೆ ಕಾಣುತ್ತಿದೆ, ಅಪ್ಪ ಮತ್ತು ಪುಟ್ಟ ತಂಗಿ ನೋಡುತ್ತಿದ್ದಾರೆ, ಅಷ್ಟರಲ್ಲಿ ಕಿಟಕಿ ಮುಚ್ಚಿದ ದೊಡ್ಡ ಗಾಡಿಯೊಂದು ನುಗ್ಗಿ ಬಂದು ಅವನನ್ನು ಒಳಕ್ಕೆ ಎಳೆದುಕೊಂಡು ಹೋಗುತ್ತದೆ.

ಆ ಗಾಡಿಯಲ್ಲಿರುವುದು ಒಂದು ಸಂಸಾರ. ಹಿರಿಯ ಜೆಸ್ಸಿ. ಅವನಿಗೆ ಎಷ್ಟು ವಯಸ್ಸು ಅಂದರೆ, ತಾನು ದಕ್ಷಿಣದವರ ಪರ ಯುದ್ಧ ಮಾಡಿದ್ದೆ, ನಾವು ಸೋತೆವು ಅನ್ನುತ್ತಾನೆ. ಅಂದರೆ 1861ರಿಂದ 65ರವರೆಗಿನ ಅಂತರ್ಯುದ್ಧ! ಅವನ ಜೊತೆಗಾತಿ ಡೈಮಂಡ್‌ಬ್ಯಾಕ್. ಕೊಲ್ಲುವುದರಲ್ಲಿ ಮಜಾ ತೆಗೆದುಕೊಳ್ಳುವ ಸೆವೆರನ್. ಮತ್ತೆ ಹೋಮರ್, ಹುಡುಗನ ದೇಹದಲ್ಲಿ ಸಿಕ್ಕಿಹಾಕಿಕೊಂಡ ಮುದುಕ. ಕೇಲಬ್ ಇವರ ಜೊತೆ ಉಳಿಯಬೇಕಾದರೆ ಒಂದು ವಾರದೊಳಗೆ ಒಬ್ಬರನ್ನಾದರೂ ಕೊಂದು ಕುಡಿಯಬೇಕು. ಅವನ ಕೈಲಿ ಆಗುವುದಿಲ್ಲ. ಮೇ ತನ್ನ ಮಣಿಕಟ್ಟು ಕೊಯ್ದು ಅವನಿಗೆ ಕುಡಿಸುತ್ತಾಳೆ. ಹಾಗೆ ಎಷ್ಟು ದಿನ?

ಬಾರ್‌ನಲ್ಲಿ ಗುಂಪು ಒಬ್ಬೊಬ್ಬರನ್ನೇ ಕೊಲ್ಲುವ ದೃಶ್ಯ ಈ ಚಿತ್ರವನ್ನು ನೋಡಿದವರು ಯಾರೂ ಮರೆಯುವುದಿಲ್ಲ. ಅಲ್ಲಿ ಕೇಲಬ್ ಒಬ್ಬ ಹುಡುಗನನ್ನು ಕೊಲ್ಲದೆ ಬಿಟ್ಟುಬಿಡುತ್ತಾನೆ. ಆ ಹುಡುಗ ಪೊಲೀಸರನ್ನು ಕರೆತರುತ್ತಾನೆ. ಹಗಲು ಹೊತ್ತು, ಇವರೆಲ್ಲ ಒಂದು ಮೋಟೆಲ್ ಕೋಣೆಯಲ್ಲಿ. ಹೊರಗಿನಿಂದ ಗುಂಡಿನ ಮಳೆ. ಗುಂಡು ಇವರಿಗೆ ಏನೂ ಮಾಡುವುದಿಲ್ಲ. ಆದರೆ ಗೋಡೆಯಲ್ಲಿ ಗುಂಡು ಮಾಡಿದ ಒಂದೊಂದು ತೂತಿನಿಂದಲೂ ಬಿಸಿಲು ಕೋಲಿನ ಹಾಗೆ ಒಳಗೆ ಬರುತ್ತದೆ, ಸುಡುವುದು ಅದು! ಬಂದೂಕಿನ ಕಾಳಗದಲ್ಲಿ ಬೆಳಕೇ ಆಯುಧ. ಇದಕ್ಕೆ ದೊಡ್ಡ ಗ್ರಾಫಿಕ್ಸ್ ಬೇಕಿಲ್ಲ. ಒಂದು ಕೋಣೆ, ಹೊಗೆ, ಹೊರಗಿನಿಂದ ದೀಪ. ಚಿತ್ರಕಲೆ ಕಲಿತವರ ತಲೆಗೆ ಹೊಳೆಯುವಂಥದ್ದು.

ಆ ಪದವೇ ಇಲ್ಲ

ಈ ಚಿತ್ರದಲ್ಲಿ 'ವ್ಯಾಂಪೈರ್' ಅನ್ನುವ ಪದ ಒಂದು ಸಲವೂ ಬರುವುದಿಲ್ಲ. ಕೋರೆಹಲ್ಲು ಇಲ್ಲ, ಕೋಟೆ ಇಲ್ಲ, ಶವಪೆಟ್ಟಿಗೆ ಇಲ್ಲ, ಶಿಲುಬೆ ಇಲ್ಲ, ಬೆಳ್ಳುಳ್ಳಿ ಇಲ್ಲ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ 'ಡ್ರಾಕುಲಾ' ಕಾದಂಬರಿಯಿಂದ ಶುರುವಾಗಿ ತೊಂಬತ್ತು ವರ್ಷ ಕೂಡಿಹಾಕಿದ್ದ ಸಾಮಾನನ್ನೆಲ್ಲ ಇವರು ಅಟ್ಟಕ್ಕೆ ಹಾಕಿದರು. ಇಟ್ಟುಕೊಂಡದ್ದು ಎರಡೇ, ರಕ್ತ ಮತ್ತು ಬಿಸಿಲು.

ಅದರಲ್ಲೂ ಬಿಸಿಲಿನ ವಿಷಯ ತಮಾಷೆಯಾಗಿದೆ. ಸ್ಟೋಕರನ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ, ಶಕ್ತಿ ಕಡಿಮೆ ಅಷ್ಟೇ. ಬಿಸಿಲು ಬಿದ್ದರೆ ಸತ್ತೇಹೋಗುತ್ತಾನೆ ಅನ್ನುವುದನ್ನು ತೋರಿಸಿದ್ದು ಸಿನಿಮಾ, 1922ರ ಜರ್ಮನ್ ಮೂಕಿಚಿತ್ರ 'ನೊಸ್ಫೆರಾಟು'. ಅಂದರೆ ಬಿಗೆಲೋ ಉಳಿಸಿಕೊಂಡದ್ದು ಪುರಾಣದ ನಿಯಮವನ್ನಲ್ಲ, ಸಿನಿಮಾದ ನಿಯಮವನ್ನು. ಬೆಳಕಿನಿಂದಲೇ ಆಗುವ ಕಲೆಗೆ ಬೆಳಕೇ ಸಾವು. ಸರಿಯಾಗೇ ಇದೆ.

ಪದದ ವಿಷಯ ಬಂದಾಗ ನನಗೆ ನಮ್ಮ ಬೇತಾಳ ನೆನಪಾದ. ರಿಚರ್ಡ್ ಬರ್ಟನ್ 1870ರಲ್ಲಿ ವಿಕ್ರಮ-ಬೇತಾಳ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಪುಸ್ತಕಕ್ಕೆ 'ವಿಕ್ರಮ್ ಅಂಡ್ ದಿ ವ್ಯಾಂಪೈರ್' ಅಂತ ಹೆಸರಿಟ್ಟ. ಚಂದಮಾಮದಲ್ಲಿ ನಾವು ಓದಿದ ಬೇತಾಳ ಯಾವತ್ತಾದರೂ ಯಾರ ಕುತ್ತಿಗೆಗಾದರೂ ಬಾಯಿ ಹಾಕಿದ್ದನೇ? ಪಾಪ, ಹೆಗಲ ಮೇಲೆ ಕೂತು ಕಥೆ ಹೇಳಿ, ಪ್ರಶ್ನೆ ಕೇಳಿ, ಮರಕ್ಕೆ ಹಾರುತ್ತಿದ್ದ. ಹೆಸರು ಅಂಟಿಸಿದರೆ ಪ್ರಾಣಿಯೇ ಬದಲಾಗಿಬಿಡುತ್ತದೆ. ಹೆಸರು ಅಂಟಿಸದೆ ಬಿಟ್ಟದ್ದರಿಂದ 'ನಿಯರ್ ಡಾರ್ಕ್'ನ ಗುಂಪು ಹೆದ್ದಾರಿಯಲ್ಲಿ ಅಲೆಯುವ, ಕದಿಯುವ, ಕೊಲ್ಲುವ ಮನುಷ್ಯರ ಹಾಗೆಯೇ ಕಾಣುತ್ತದೆ. ಭಯ ಹುಟ್ಟುವುದು ಅಲ್ಲಿ.

ಇದರಲ್ಲಿ ನಟರ ಪಾಲೂ ದೊಡ್ಡದು. ಜೆಸ್ಸಿಯಾಗಿ ಲಾನ್ಸ್ ಹೆನ್ರಿಕ್ಸನ್, ಸೆವೆರನ್ ಆಗಿ ಬಿಲ್ ಪ್ಯಾಕ್ಸ್‌ಟನ್, ಡೈಮಂಡ್‌ಬ್ಯಾಕ್ ಆಗಿ ಜೆನೆಟ್ ಗೋಲ್ಡ್‌ಸ್ಟೀನ್. ಮೂವರೂ ಹಿಂದಿನ ವರ್ಷ ಜೇಮ್ಸ್ ಕ್ಯಾಮರಾನರ 'ಏಲಿಯನ್ಸ್'ನಲ್ಲಿ ಒಟ್ಟಿಗೆ ನಟಿಸಿ ಬಂದವರು. ಅವರ ನಡುವಿನ ಸಲುಗೆ ಹೊಸದಾಗಿ ಕಲಿತದ್ದಲ್ಲ. ಚಿತ್ರದ ಒಂದು ಕಡೆ ಊರಿನ ಥಿಯೇಟರ್ ಬೋರ್ಡಿನ ಮೇಲೆ 'ಏಲಿಯನ್ಸ್' ಅಂತ ಹೆಸರೂ ಕಾಣುತ್ತದೆ, ಕಣ್ಣು ಹಾಯಿಸಿ ನೋಡಿ. ಕ್ಯಾಮೆರಾ ಹಿಡಿದವರು 'ದಿ ಟರ್ಮಿನೇಟರ್'ಗೆ ಕೆಲಸ ಮಾಡಿದ್ದ ಆಡಂ ಗ್ರೀನ್‌ಬರ್ಗ್, ಸಂಗೀತ ಜರ್ಮನಿಯ ಟ್ಯಾಂಜರಿನ್ ಡ್ರೀಮ್ ತಂಡದ್ದು. ಬಹುಪಾಲು ರಾತ್ರಿಯ ಚಿತ್ರ. ಆ ರಾತ್ರಿಗಳನ್ನು ನೀಲಿ ಹೊಗೆ, ಹಿಂದಿನಿಂದ ಬೀಳುವ ಬೆಳಕು ಇಷ್ಟರಲ್ಲೇ ಕಟ್ಟಿದ್ದಾರೆ.

ಯಾಕೆ ಸೋತಿತು?

ಎರಡು ಕಾರಣ ಕಾಣುತ್ತವೆ ನನಗೆ.

ಒಂದು, 'ದಿ ಲಾಸ್ಟ್ ಬಾಯ್ಸ್'. ಅದೇ ವರ್ಷ ಜುಲೈ 31ರಂದು, ಅಂದರೆ ಬರೀ ಎರಡು ತಿಂಗಳ ಮುಂಚೆ ವಾರ್ನರ್ ಸಂಸ್ಥೆಯಿಂದ ಬಂತು. ಅದೂ ಒಬ್ಬ ಹುಡುಗ, ಒಬ್ಬ ಹುಡುಗಿ, ರಕ್ತ ಕುಡಿಯುವವರ ಒಂದು ಗುಂಪು. ಆದರೆ ಅಲ್ಲಿ ತಮಾಷೆ ಇತ್ತು, ರಾಕ್ ಹಾಡುಗಳಿದ್ದವು, ಚಂದದ ಹುಡುಗರಿದ್ದರು. ಅಮೆರಿಕದಲ್ಲೇ ಮೂರು ಕೋಟಿ ಡಾಲರ್ ದಾಟಿತು. ಅದನ್ನು ನೋಡಿ ನಕ್ಕು ಬಂದವರಿಗೆ ಎರಡು ತಿಂಗಳ ನಂತರ ಇನ್ನೊಂದು ಅಂಥದ್ದೇ ಕಥೆ, ಅದೂ ಧೂಳು, ಬಡತನ, ಮುಖ ಸುಟ್ಟ ಮನುಷ್ಯರು ಬೇಕಿರಲಿಲ್ಲವೇನೋ.

ಎರಡನೆಯದು, ಹಂಚಿಕೆದಾರರು. ಇಟಲಿಯಿಂದ ಬಂದ ದೊಡ್ಡ ನಿರ್ಮಾಪಕ ಡೀನೋ ಡಿ ಲಾರೆಂಟಿಸ್ ಕಟ್ಟಿದ ಸಂಸ್ಥೆ. 1986ರಲ್ಲಿ 'ಬ್ಲೂ ವೆಲ್ವೆಟ್' ಮತ್ತು 'ಮ್ಯಾನ್‌ಹಂಟರ್' ತರಹದ ಚಿತ್ರಗಳನ್ನು ಕೊಟ್ಟಿತು. ಅದೇ ವರ್ಷ 'ಕಿಂಗ್ ಕಾಂಗ್ ಲಿವ್ಸ್' ಮಾಡಿ ಕೈಸುಟ್ಟುಕೊಂಡಿತು. 'ನಿಯರ್ ಡಾರ್ಕ್' ಬರುವ ಹೊತ್ತಿಗೆ ಸಂಸ್ಥೆಯೇ ಮುಳುಗುತ್ತಿತ್ತು, 1988ರಲ್ಲಿ ದಿವಾಳಿ. ಮುಳುಗುವ ಹಡಗಿನವರು ಸಣ್ಣ ಚಿತ್ರವೊಂದರ ಪ್ರಚಾರಕ್ಕೆ ಎಷ್ಟು ತಾನೆ ಖರ್ಚು ಮಾಡಿಯಾರು?

ವಿಮರ್ಶಕರಿಂದಲೂ ಎರಡು ತರಹದ ಮಾತು ಬಂತು. ದೃಶ್ಯಗಳ ಚೆಲುವನ್ನು ಮೆಚ್ಚಿದವರು ಬಹಳ. ರಕ್ತಪಾತ ಜಾಸ್ತಿ ಆಯಿತು ಅಂದವರೂ ಇದ್ದರು. ಮೆಚ್ಚಿದವರಲ್ಲೂ ಅನೇಕರಿಗೆ ಗಂಟಲಲ್ಲಿ ಸಿಕ್ಕಿಕೊಂಡದ್ದು ಕೊನೆಯ ಭಾಗ. ಅದರ ಬಗ್ಗೆ ಈಗ ಹೇಳುತ್ತೇನೆ.

ರಕ್ತಸಂಬಂಧ

ಕೇಲಬ್‌ನ ಅಪ್ಪ ಮಗನನ್ನು ಹುಡುಕಿ ಕರೆದುಕೊಂಡು ಹೋಗುತ್ತಾನೆ. ಆಸ್ಪತ್ರೆಗೆ ಅಲ್ಲ, ಮನೆಗೆ. ಅಲ್ಲಿ ತನ್ನ ರಕ್ತವನ್ನೇ ಮಗನಿಗೆ ಹಾಕುತ್ತಾನೆ. ಹುಡುಗ ಗುಣ ಆಗಿಬಿಡುತ್ತಾನೆ! ನೂರಾರು ವರ್ಷ ಯಾರಿಗೂ ಹೊಳೆಯದ ಮದ್ದು ಒಂದು ರಬ್ಬರ್ ಕೊಳವೆಯಲ್ಲಿ ಮುಗಿದುಹೋಯಿತು. ಮೊದಲ ಸಲ ನೋಡಿದಾಗ ನನಗೆ ಸಿಟ್ಟು ಬಂದದ್ದು ಇಲ್ಲೇ. ಇದು ಮೋಸ ಅನ್ನಿಸಿತು.

ಆಮೇಲೆ ಸ್ಟೋಕರನ ಕಾದಂಬರಿ ನೆನಪಾಯಿತು. ಅಲ್ಲಿ ಲೂಸಿ ಅನ್ನುವವಳಿಗೆ ಒಬ್ಬರಾದ ಮೇಲೊಬ್ಬರಂತೆ ನಾಲ್ಕು ಜನ ಗಂಡಸರು ರಕ್ತ ಕೊಡುತ್ತಾರೆ. ಆದರೂ ಉಳಿಯುವುದಿಲ್ಲ. ರಕ್ತದ ಗುಂಪುಗಳನ್ನು ಲ್ಯಾಂಡ್‌ಸ್ಟೈನರ್ ಗುರುತಿಸಿದ್ದು 1900-01ರಲ್ಲಿ, ಕಾದಂಬರಿ ಬಂದು ಮೂರ್ನಾಲ್ಕು ವರ್ಷದ ಮೇಲೆ. ಅಂದರೆ ರಕ್ತ ಕೊಡುವ ಮದ್ದು ಈ ಚಿತ್ರದವರು ಎಲ್ಲಿಂದಲೋ ತಂದದ್ದಲ್ಲ, ಮೂಲದಲ್ಲೇ ಇತ್ತು. ಅಲ್ಲಿ ಸೋತ ಮದ್ದು ಇಲ್ಲಿ ಗೆದ್ದಿತು ಅಷ್ಟೇ.

ಇನ್ನು 1987 ಅಂದರೆ ಯಾವ ಕಾಲ? ಏಡ್ಸ್ ಭಯ ಅಮೆರಿಕದಲ್ಲಿ ಮನೆಮನೆಗೂ ಮುಟ್ಟಿದ್ದ ಕಾಲ. ದಾನದ ರಕ್ತವನ್ನು ಪರೀಕ್ಷೆ ಮಾಡುವ ವಿಧಾನ ಅಲ್ಲಿ ಬಂದದ್ದೇ 1985ರಲ್ಲಿ. ಮೊದಲ ಔಷಧಿಗೆ ಅನುಮತಿ ಸಿಕ್ಕಿದ್ದು 1987ರ ಮಾರ್ಚಿನಲ್ಲಿ. ರಕ್ತ ಅಂದರೆ ಜನ ಹೆದರುತ್ತಿದ್ದ ಹೊತ್ತಿನಲ್ಲಿ ಒಬ್ಬ ಅಪ್ಪ ಸೋಂಕು ತಗುಲಿದ ಮಗನನ್ನು ದೂರ ಮಾಡದೆ ತನ್ನ ರಕ್ತ ಕೊಡುತ್ತಾನೆ. ಬರೆದವರು ಇದನ್ನು ಯೋಚಿಸಿ ಬರೆದರೋ ಇಲ್ಲವೋ, ಆಗ ಥಿಯೇಟರಿನಲ್ಲಿ ಕೂತು ನೋಡಿದ ಕೆಲವರ ಎದೆಗಾದರೂ ಇದು ತಾಗಿರಬೇಕು. ಇಂಗ್ಲಿಷಿನವರು ಇದರ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ನಮಗೆ ಒಂದೇ ಪದ ಸಾಕು. ರಕ್ತಸಂಬಂಧ. ಕಚ್ಚಿ ಕುಡಿದು ಆದ ಸಂಸಾರ ಒಂದು ಕಡೆ, ಕೊಟ್ಟು ಉಳಿಸಿದ ಸಂಸಾರ ಇನ್ನೊಂದು ಕಡೆ. ಎರಡೂ ರಕ್ತದ್ದೇ. ಹೀಗೆ ಯೋಚಿಸಿದ ಮೇಲೆ ನನ್ನ ಸಿಟ್ಟು ಇಳಿಯಿತು.

ಹಾಗಾದರೆ ಮೂರನೇ ಸಲ ಬೇಜಾರಾದದ್ದು ಯಾಕೆ? ಮೇಗಾಗಿ. ಕೊನೆಯಲ್ಲಿ ಗುಂಪಿನವರೆಲ್ಲ ಬೆಂಕಿಯಲ್ಲಿ, ಬಿಸಿಲಿನಲ್ಲಿ ಸಾಯುತ್ತಾರೆ. ಕೇಲಬ್‌ನ ತಂಗಿಯನ್ನು ಕಾಪಾಡಲು ಮೇ ಅವಳನ್ನು ತಬ್ಬಿಕೊಂಡು ಹಾಡಹಗಲಿಗೇ ಕಾರಿನಿಂದ ಹಾರುತ್ತಾಳೆ. ಆಮೇಲೆ ಅವಳಿಗೂ ಅದೇ ಮದ್ದು. ಕಣ್ಣು ಬಿಟ್ಟಾಗ ಅವಳ ಮೇಲೆ ಬಿಸಿಲು ಬೀಳುತ್ತಿದೆ, ಅವಳು ಹೆದರುತ್ತಾಳೆ, ಕೇಲಬ್ ಸಮಾಧಾನ ಮಾಡುತ್ತಾನೆ, ಚಿತ್ರ ಮುಗಿಯುತ್ತದೆ.

ನಿನಗೆ ಇದು ಬೇಕಾ ಅಂತ ಅವಳನ್ನು ಯಾರೂ ಕೇಳಿದ್ದು ನಮಗೆ ಕಾಣುವುದಿಲ್ಲ. ನಕ್ಷತ್ರದ ಬೆಳಕು ಬಂದು ಮುಟ್ಟುವವರೆಗೂ ಇರುತ್ತೇನೆ ಅಂದಿದ್ದ ಹುಡುಗಿ ಅವಳು. ರಾತ್ರಿಯ ಸದ್ದು ಕೇಳಿಸುತ್ತಿದ್ದವಳು. ಅವಳಿಗೆ ಸಿಕ್ಕಿದ್ದು ಒಂದು ಮಾಮೂಲಿ ಆಯುಷ್ಯ, ಕಳೆದದ್ದು ಆ ರಾತ್ರಿ. ಕೊಂದು ಬದುಕುವುದಕ್ಕಿಂತ ಇದು ಒಳ್ಳೆಯದೇ ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೂ ಆ ಕೊನೆಯ ದೃಶ್ಯದ ಬಿಸಿಲನ್ನು ಈಗ ನನಗೆ ಸುಖಾಂತ್ಯ ಅಂತ ನೋಡಲು ಆಗುವುದಿಲ್ಲ. ಅವಳ ಮುಖದ ಭಯವನ್ನು ಅಲ್ಲಿ ಉಳಿಸಿದ್ದಾರಲ್ಲ, ಬಿಗೆಲೋಗೂ ಇದು ಗೊತ್ತಿತ್ತು ಅಂತಲೇ ನನ್ನ ಅನುಮಾನ.

ಸತ್ತ ಮೇಲಿನ ಬದುಕು

ಥಿಯೇಟರಿನಲ್ಲಿ ಸತ್ತ ಚಿತ್ರ ವಿಡಿಯೋ ಕ್ಯಾಸೆಟ್ಟಿನಲ್ಲಿ ಎದ್ದು ಕೂತಿತು. ಒಬ್ಬರು ಬಾಡಿಗೆಗೆ ತಂದು ನೋಡಿ ಇನ್ನೊಬ್ಬರಿಗೆ ಹೇಳಿದರು. ಹೀಗೆ ಬಾಯಿಂದ ಬಾಯಿಗೆ. 2002ರಲ್ಲಿ ಆಂಕರ್ ಬೇ ಸಂಸ್ಥೆ ಎರಡು ಡಿಸ್ಕಿನ ಡಿವಿಡಿ ತಂದಿತು, ನಿರ್ದೇಶಕಿಯ ಮಾತುಗಳೂ ಅದರಲ್ಲಿದ್ದವು. ಹದಿನೈದು ವರ್ಷದ ಹಿಂದೆ ಯಾರಿಗೂ ಬೇಡವಾಗಿದ್ದ ಚಿತ್ರಕ್ಕೆ ಇಷ್ಟು ಮರ್ಯಾದೆ!

ಅದಾದ ಮೇಲೆ ಒಂದು ವಿಚಿತ್ರ ನಡೆಯಿತು. 2006ರಲ್ಲಿ ಇದನ್ನು ಮತ್ತೆ ತೆಗೆಯುತ್ತೇವೆ ಅಂತ ಒಂದು ಸಂಸ್ಥೆ ಹೇಳಿಕೊಂಡಿತ್ತು. 2008ರಲ್ಲಿ 'ಟ್ವೈಲೈಟ್' ಚಿತ್ರ ಬಂತು. ಅದರ ಕಥೆಗೂ ಇದಕ್ಕೂ ಹೋಲಿಕೆ ಜಾಸ್ತಿ ಅಂತ ಆ ಯೋಜನೆ ಕೈಬಿಟ್ಟರು. ಮೊದಲು ಬಂದದ್ದು ಯಾವುದು ಸ್ವಾಮಿ? ಅಷ್ಟಕ್ಕೇ ಮುಗಿಯಲಿಲ್ಲ. 2009ರಲ್ಲಿ ಹೊಸ ಡಿಸ್ಕ್ ಬಂದಾಗ ಹೊದಿಕೆಯ ಮೇಲೆ ನಾಯಕ ನಾಯಕಿಯ ಮುಖಗಳನ್ನು ಬೆಳ್ಳಗೆ ತಿದ್ದಿ, ಥೇಟ್ 'ಟ್ವೈಲೈಟ್' ಪೋಸ್ಟರಿನ ಹಾಗೆ ಮಾಡಿ ಮಾರಿದರು. ಹಳೆಯ ಅಭಿಮಾನಿಗಳು ಉರಿದುಬಿದ್ದರು. ನನಗೇನೋ ನಗು ಬಂತು. ಆ ಹೊದಿಕೆ ನಂಬಿ ತಂದ ಹದಿಹರೆಯದ ಹುಡುಗಿಯೊಬ್ಬಳು ಬಾರ್ ದೃಶ್ಯ ನೋಡುವಾಗಿನ ಮುಖ ನೆನೆಸಿಕೊಳ್ಳಿ! ವೆಸ್ಟರ್ನ್ ಚಿತ್ರ ಭಯಾನಕದ ವೇಷ ಹಾಕಿ ಹುಟ್ಟಿತು, ಆಮೇಲೆ ಭಯಾನಕ ಚಿತ್ರಕ್ಕೆ ಪ್ರೇಮಕಥೆಯ ವೇಷ.

2010ರ ಮಾರ್ಚ್ 7ರಂದು ಬಿಗೆಲೋಗೆ 'ದಿ ಹರ್ಟ್ ಲಾಕರ್' ಚಿತ್ರಕ್ಕಾಗಿ ಆಸ್ಕರ್ ಬಂತು. ಅತ್ಯುತ್ತಮ ನಿರ್ದೇಶನದ ಆಸ್ಕರ್ ಪಡೆದ ಮೊದಲ ಮಹಿಳೆ, ಅದು 82ನೇ ವರ್ಷದ ಸಮಾರಂಭ. ಎದುರಾಳಿಗಳಲ್ಲಿ ಒಬ್ಬರು 'ಅವತಾರ್' ಮಾಡಿದ ಜೇಮ್ಸ್ ಕ್ಯಾಮರಾನ್, ಆಕೆಯ ಮಾಜಿ ಗಂಡ. 'ದಿ ಹರ್ಟ್ ಲಾಕರ್' ಕೂಡ ಥಿಯೇಟರಿನಲ್ಲಿ ಅಂಥ ದೊಡ್ಡ ದುಡ್ಡು ಮಾಡಿದ ಚಿತ್ರ ಅಲ್ಲ ಅನ್ನುವುದನ್ನು ಇಲ್ಲಿ ನೆನೆಯಬೇಕು.

ಗಳಿಕೆಯ ಲೆಕ್ಕ ಬರೆಯುವವರು ಮೊದಲ ಕೆಲವು ವಾರ ನೋಡಿ ಪುಸ್ತಕ ಮುಚ್ಚಿಬಿಡುತ್ತಾರೆ. ಅವರ ಲೆಕ್ಕ ತಪ್ಪಲ್ಲ, ದುಡ್ಡು ಹೋಗಿದ್ದು ನಿಜ, ಒಂದು ಸಂಸ್ಥೆ ಮುಳುಗಿದ್ದೂ ನಿಜ. ಆದರೆ 1987ರ ಆ ಅಕ್ಟೋಬರಿನ ಲೆಕ್ಕವನ್ನೇ ನಂಬಿ ಆಕೆಗೆ ಇನ್ನೊಂದು ಚಿತ್ರ ಕೊಡದೆ ಹೋಗಿದ್ದರೆ? ಒಂದು ಚಿತ್ರ ಸೋತರೆ ಮುಂದಿನದು ಸಿಗದೆ ಕಳೆದುಹೋದವರು ಎಷ್ಟು ಜನ ಇದ್ದಾರೋ. ಅವರಲ್ಲಿ ಹೆಂಗಸರೇ ಜಾಸ್ತಿ ಇರಬಹುದು ಅಂತ ನನ್ನ ಗುಮಾನಿ. ಬಿಗೆಲೋಗೆ ಎರಿಕ್ ರೆಡ್ ಜೊತೆಗೇ ಬರೆದ 'ಬ್ಲೂ ಸ್ಟೀಲ್' ಸಿಕ್ಕಿತು, ಆಮೇಲೆ 1991ರಲ್ಲಿ 'ಪಾಯಿಂಟ್ ಬ್ರೇಕ್'. ಅದೃಷ್ಟ ಅನ್ನಿ, ಹಟ ಅನ್ನಿ.

ಸೆವೆರನ್ ಪಾತ್ರ ಮಾಡಿದ್ದ ಬಿಲ್ ಪ್ಯಾಕ್ಸ್‌ಟನ್ 2017ರ ಫೆಬ್ರವರಿಯಲ್ಲಿ ತೀರಿಕೊಂಡರು. ನಾನು ಮೂರನೇ ಸಲ ಚಿತ್ರ ಹಾಕಿಕೊಂಡದ್ದು ಆ ಸುದ್ದಿ ಓದಿದ ರಾತ್ರಿ. ಬಾರ್‌ನ ದೃಶ್ಯ ಬಂತು. ಆ ಮನುಷ್ಯ ರಕ್ತ ಮೆತ್ತಿದ ಮುಖದಲ್ಲಿ ನಗುತ್ತಾ ಬಾರ್ ಕಟ್ಟೆಯ ಮೇಲೆ ನಡೆಯುತ್ತಿದ್ದ, ಮೂವತ್ತರ ಆಸುಪಾಸಿನ ವಯಸ್ಸು, ಕಣ್ಣಲ್ಲಿ ಅದೇ ಹುಚ್ಚು ಖುಷಿ. ಹೊರಗೆ ಬೆಳಗಾಗುವುದಕ್ಕೆ ಇನ್ನೂ ಹೊತ್ತಿತ್ತು.

ನೀವು ಯಾರಾದರೂ ನೋಡಿದ್ದರೆ ಹೇಳಿ. ಮೇ ವಿಷಯದಲ್ಲಿ ನಿಮಗೂ ಹಾಗೇ ಅನ್ನಿಸಿತಾ, ಅಥವಾ ನನಗೊಬ್ಬನಿಗೇನಾ?